ಕ್ರೈಸ್ತರ ದೀಕ್ಷಾಸ್ನಾನ ಅಂದ್ರೆ ಸುಮ್ನೆ ನೀರು ಹಾಕೋದಾ? ಇದು ಯಹೂದಿಗಳಿಂದ ಬಂದದ್ದಾ?

ಸುಮ್ನೆ ನೀರಲ್ಲ. ಬೇರು ಮಾತ್ರ ಯಹೂದಿಗಳಲ್ಲೇ ಇದೆ.

ನಮ್ಮ ಕೋಲಾರದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದಲ್ವಾ? ಯಹೂದಿಗಳ ಮಡಿ ಸ್ನಾನಕ್ಕೂ ಅಂಥ ಒರತೆ ನೀರೋ ಮಳೆ ನೀರೋ ಆಗಬೇಕು, ಬರೀ ಸೇದಿ ತುಂಬಿಸಿದ್ದು ನಡೆಯದು. ಅಂಥ ನೀರಿನ ಕೊಳಕ್ಕೆ ‘ಮಿಕ್ವೆ’ ಅಂತಾರೆ. ಮೊದಲೇ ಮೈ ತೊಳೆದುಕೊಂಡು ಇಳಿಯಬೇಕು, ಒಂದು ಕೂದಲೂ ಮೇಲೆ ಉಳಿಯದಂತೆ ಮುಳುಗಬೇಕು. ಅಂದರೆ ಇದು ಕೊಳೆ ತೆಗೆಯುವ ಸ್ನಾನ ಅಲ್ಲ, ಮಡಿಯ ಸ್ನಾನ. ಆ ಧರ್ಮಕ್ಕೆ ಹೊಸದಾಗಿ ಸೇರುವವರೂ ಹೀಗೇ ಮುಳುಗುತ್ತಾರೆ.

ಯೇಸುವಿನ ಕಾಲದ ಯಹೂದಿ ಪ್ರವಾದಿ ಯೋಹಾನ ಯೊರ್ದನ್ ಹೊಳೆಯಲ್ಲಿ ಪಶ್ಚಾತ್ತಾಪದ ಗುರುತಾಗಿ ಜನರನ್ನು ಮುಳುಗಿಸಿದ. ಯೇಸುವೂ ದೀಕ್ಷಾಸ್ನಾನ ಪಡೆದದ್ದು ಆತನಿಂದಲೇ. ಮಿಕ್ವೆಗೆ ಮತ್ತೆ ಮತ್ತೆ ಇಳಿಯಬಹುದು, ಕ್ರೈಸ್ತರಿಗೆ ಒಂದೇ ಸಲ. ಯಾಕೆಂದರೆ ಯೇಸುವಿನ ಅಪೊಸ್ತಲ ಪೌಲ ಬೈಬಲಿನಲ್ಲಿ ಹೇಳುವಂತೆ, ಅದು ಕ್ರಿಸ್ತನ ಜೊತೆ ಸತ್ತು, ಹೂಳಿಸಿಕೊಂಡು, ಹೊಸ ಬದುಕಿಗೆ ಏಳುವುದು. ನನ್ನ ಮನಸ್ಸಿಗೆ ಜಾಸ್ತಿ ತಟ್ಟುವ ಅರ್ಥ ಇದೇ. ಕೆಜಿಎಫ್‌ನ ಚರ್ಚುಗಳಲ್ಲಿ ಮಗುವಿನ ತಲೆ ಮೇಲೆ ಸ್ವಲ್ಪವೇ ನೀರು ಸುರಿದರೂ ಹೇಳುವುದು ಅದನ್ನೇ.