ಪಿಕ್ ಇಲ್ಲದ ಗಿಟಾರು

ಪ್ರಶ್ನೆ: ನಾನು ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದ ಗಿಟಾರ್ ವಾದಕ, ಗಾಯಕ ಲಿಂಡ್ಸೆ ಬಕಿಂಗ್‌ಹ್ಯಾಮ್ ತಮ್ಮ ಹೆಸರಿನಲ್ಲಿ ಹೊರತಂದ ‘ಔಟ್ ಆಫ್ ದ ಕ್ರೇಡಲ್’ ಆಲ್ಬಮ್ಮನ್ನು ಈಚೆಗೆ ಕೇಳಿ ಬೆರಗಾದೆ. ಇದು ಜನರ ಗಮನಕ್ಕೆ ಬರದೆ ಹೋದದ್ದು ಏಕೆ? ಅವರು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಇಲ್ಲದೆ ಬೆರಳುಗಳಿಂದಲೇ ನುಡಿಸುವ ರೀತಿಯನ್ನು ಅಭ್ಯಾಸ ಮಾಡಲು ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಬೆರಗು ನನ್ನದೂ ಹೌದು. 1977ರ ‘ರೂಮರ್ಸ್’ ಆಲ್ಬಮ್ಮಿನಿಂದ ಜಗತ್ಪ್ರಸಿದ್ಧವಾದ ತಂಡವನ್ನು ಬಕಿಂಗ್‌ಹ್ಯಾಮ್ 1987ರಲ್ಲಿ ಬಿಟ್ಟರು. ಬಳಿಕ ಮನೆಯ ಸ್ಟುಡಿಯೊದಲ್ಲಿ, ನಿರ್ಮಾಪಕ ರಿಚರ್ಡ್ ಡ್ಯಾಶಟ್ ಅವರ ಜೊತೆಗೂಡಿ, ಬಹುಪಾಲು ವಾದ್ಯಗಳನ್ನು ತಾವೇ ನುಡಿಸುತ್ತ, ವರ್ಷಗಟ್ಟಲೆ ತಾಳ್ಮೆಯಿಂದ ಕಟ್ಟಿದ ಆಲ್ಬಮ್ ಇದು. 1992ರಲ್ಲಿ ಹೊರಬಂದಾಗ ಆಲ್ಬಮ್ಮುಗಳ ಮಾರಾಟವನ್ನು ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 128ನೆಯ ಸ್ಥಾನದಿಂದ ಮೇಲೇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಗ್ರಂಜ್ ಶೈಲಿಯ ನಿರ್ವಾಣ ತಂಡದ ಆಲ್ಬಮ್ ಅಗ್ರಸ್ಥಾನಕ್ಕೇರಿತ್ತು. ಒರಟು ಸದ್ದಿನ ಗ್ರಂಜ್ ಸಂಗೀತಕ್ಕೆ ಯುವಕರು ಮಾರುಹೋಗಿದ್ದಾಗ, ನಲವತ್ತು ದಾಟಿದ ಗಾಯಕನ ನಯವಾದ ಕುಸುರಿ ಕೆಲಸಕ್ಕೆ ಕಿವಿಗೊಡುವವರು ಕಡಿಮೆಯಾಗಿದ್ದರು. ಸೋತದ್ದು ಕಾಲ ಕೂಡಿಬರದ್ದರಿಂದಲೇ ಹೊರತು ಹಾಡುಗಳ ಕೊರತೆಯಿಂದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಬೆರಳುಗಳ ವಿಷಯ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತಪ್ಪದೆ ನಡೆಯನ್ನು ಕಾಯುತ್ತಿರುವಾಗ ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ರಾಗವನ್ನು ಹೆಣೆಯುತ್ತವೆ; ಆದ್ದರಿಂದಲೇ ಒಂದು ಗಿಟಾರು ಎರಡರಂತೆ ಕೇಳಿಸುತ್ತದೆ. ನಮ್ಮ ಭಾಗದ ತತ್ವಪದಕಾರರು ಏಕತಾರಿಯ ಒಂದೇ ತಂತಿಯಿಂದ ಶ್ರುತಿ, ಲಯ ಎರಡನ್ನೂ ಹಿಡಿದಿಡುವುದನ್ನು ಕೇಳಿ ಬೆಳೆದ ಕಿವಿಗೆ ಈ ಮರ್ಮ ಬೇಗ ತಿಳಿಯುತ್ತದೆ. ಬಾಲ್ಯದಲ್ಲಿ ಬಕಿಂಗ್‌ಹ್ಯಾಮ್ ಮೆಚ್ಚಿದ್ದ ಕಿಂಗ್‌ಸ್ಟನ್ ಟ್ರಿಯೊ ಜಾನಪದ ತಂಡದ ಪ್ರಭಾವವೂ ಇಲ್ಲಿ ಢಾಳಾಗಿದೆ. ಆ ತಂಡ ಹಾಡಿದ್ದ ‘ಆಲ್ ಮೈ ಸಾರೋಸ್’ ಈ ಆಲ್ಬಮ್ಮಿನಲ್ಲಿಯೇ ಉಂಟು.

ನೀವು ಮೊದಲು ‘ಡೋಂಟ್ ಲುಕ್ ಡೌನ್’ ಹಾಡಿಗೆ ಮುನ್ನ ಬರುವ ಪುಟ್ಟ ಗಿಟಾರ್ ಪೀಠಿಕೆಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿರಿ. ಆದರೆ ಅದನ್ನು ಒಮ್ಮೆಗೇ ನುಡಿಸಲು ಹೋಗಬೇಡಿ, ಆ ವೇಗ ಎಂಥವರನ್ನೂ ಎದೆಗುಂದಿಸುತ್ತದೆ. ಅಭ್ಯಾಸಕ್ಕೆ ‘ದಿಸ್ ನಿಯರ್ಲಿ ವಾಸ್ ಮೈನ್’ ಎಂಬ ತುಣುಕೇ ಸರಿ: ಅವರು ಹುಟ್ಟಿದ 1949ರಲ್ಲೇ ರಂಗಕ್ಕೆ ಬಂದ ‘ಸೌತ್ ಪೆಸಿಫಿಕ್’ ಸಂಗೀತ ನಾಟಕದ ಹಾಡನ್ನು ಇಲ್ಲಿ ಮಾತಿಲ್ಲದೆ, ಗಿಟಾರಿನಲ್ಲಿಯೇ ಹಾಡಿಸಿದ್ದಾರೆ. ಹೆಬ್ಬೆರಳಿನ ನಡೆಯೊಂದನ್ನೇ ಮೊದಲು ವಾರಗಟ್ಟಲೆ ರೂಢಿಸಿಕೊಂಡು, ಅದು ಗಮನ ಕೊಡದಿದ್ದರೂ ತಾನಾಗಿ ನಡೆಯುವಷ್ಟು ಪಳಗಿದ ಮೇಲೆ ಉಳಿದ ಬೆರಳುಗಳನ್ನು ಒಂದೊಂದಾಗಿ ಸೇರಿಸಿರಿ.