ಹೆರಿಗೆಯ ನಂತರ ಹೆಂಡತಿ ಮಂಕಾಗಿದ್ದಾಳೆ. ಡಾಕ್ಟರ್ ಹತ್ತಿರ ಹೋದರೆ ನಂಬಿಕೆ ಇಲ್ಲ ಅಂತ ಆಗುತ್ತಾ?
ಹೆರಿಗೆಯಾಗಿ ಎರಡು ತಿಂಗಳಾದರೂ ಹೆಂಡತಿ ಅಳುತ್ತಲೇ ಇರುತ್ತಾರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲ, ಸಭೆಯ ಹಿರಿಯರು ಉಪವಾಸ ಪ್ರಾರ್ಥನೆ ಮಾಡಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಅವರಿಗೆ ಉಪವಾಸ ಮಾತ್ರ ಮಾಡಿಸಬೇಡಿ. ಹಾಲುಣಿಸುವ ಬಾಣಂತಿ, ಮೊದಲೇ ನಿದ್ದೆಗೆಟ್ಟಿದ್ದಾರೆ.

ಬೈಬಲಿನ ಒಂದನೇ ಅರಸುಗಳು 19ನೇ ಅಧ್ಯಾಯ ಓದಿ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತಗೋ ಅಂತ ದೇವರನ್ನೇ ಕೇಳುತ್ತಾನೆ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದಲ್ಲಿ ಅವನ ಪ್ರಾರ್ಥನೆಗೆ ಬೆಂಕಿ ಇಳಿದಿತ್ತು! ಅವನಿಗೆ ನಂಬಿಕೆ ಕಡಿಮೆ ಅನ್ನೋಕಾಗುತ್ತಾ? ದೇವರು ಗದರಲಿಲ್ಲ. ದೂತ ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಇಲ್ಲೇನು ಮಾಡ್ತಿದ್ದೀಯ ಅಂತ ದೇವರು ಕೇಳಿದ್ದು ಎಷ್ಟೋ ದಿನದ ಮೇಲೆ.

ಮೊದಲ ಬಾಣಂತನದಲ್ಲಿ ನನಗೂ ಹೀಗೇ ಆಗಿತ್ತು. ಬಂದವರೆಲ್ಲ ವಾಕ್ಯ ಹೇಳಿ ಹೋಗೋರು, ನಾನೇ ಕೆಟ್ಟ ತಾಯಿ ಅನ್ನಿಸೋದು. ನಮ್ಮ ಸಭೆಯ ಪಾದ್ರಿ ಅಯ್ಯನವರ ಹೆಂಡತಿ ಮಾತ್ರ ರಾಗಿ ಗಂಜಿ ತಂದು ಕುಡಿಸಿ, ಎರಡೇ ಮಾತಿನ ಪ್ರಾರ್ಥನೆ ಮಾಡಿ, ಮಗುವಿನ ಬಟ್ಟೆ ಒಗೆದು ಹರವಿ ಹೋದರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವರೂ ಅವರೇ.

ಹೆರಿಗೆಯಾದ ಮೊದಲ ವಾರಗಳಲ್ಲಿ ಸುಮ್ನೆ ಅಳು ಬರೋದು ತುಂಬಾ ಜನಕ್ಕೆ ಇರುತ್ತೆ. ಎರಡು ವಾರ ದಾಟಿದರೂ ಹೋಗದಿದ್ದರೆ ಅದು ಕಾಯಿಲೆ ಇರಬಹುದು, ತೋರಿಸಲೇಬೇಕು. ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ, ಬಾಣಂತಿಯರಲ್ಲಿ ಅದು ಏರುಪೇರಾಗಿ ಇದೇ ಥರ ಕಾಣಿಸೋದುಂಟು. ಈ ಮಂಕುತನಕ್ಕೆ ಹಾಲುಣಿಸುವಾಗಲೂ ತಗೊಳ್ಳಬಹುದಾದ ಮಾತ್ರೆಗಳಿವೆ. ಗುಣ ಕಾಣೋಕೆ ಕೆಲವು ವಾರ ಬೇಕು, ಮಧ್ಯದಲ್ಲಿ ನೀವಾಗಿ ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವೇ ಇದೆ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅಂದರೆ, ಮಗುವಿಗೆ ಏನಾದರೂ ಮಾಡಿಬಿಡ್ತೀನಿ ಅಂದರೆ, ಇಲ್ಲದ ದನಿ ಕೇಳಿಸಿದರೆ, ಒಬ್ಬರನ್ನೇ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ನಿಮ್ಮ ಪಾಲಿನ ಕೆಲಸ. ರಾತ್ರಿ ಒಂದಷ್ಟು ಹೊತ್ತು ಮಗು ನಿಮ್ಮ ಹತ್ತಿರ ಇರಲಿ, ಅವರು ಬೇರೆ ಕೋಣೆಯಲ್ಲಿ ಮಲಗಲಿ. ಒಬ್ಬರ ಭಾರ ಒಬ್ಬರು ಹೊತ್ತುಕೊಳ್ಳಿ ಅಂತ ಗಲಾತ್ಯದವರಿಗೆ ಪೌಲ ಬರೆದದ್ದು ಗಂಡಂದಿರಿಗೂ ಸೇರಿಸಿಯೇ ಅಲ್ವಾ? ಅವರಿಗೆ ಪ್ರಾರ್ಥನೆಗೆ ಬಾಯಿ ಬರದಿದ್ದರೆ ಒತ್ತಾಯ ಬೇಡ, ಅವರ ಪರವಾಗಿ ನೀವು ಮಾಡಿ. ಹಿರಿಯರು ಪ್ರಶ್ನೆ ಮಾಡಿದರೆ, ಪೌಲನ ಜೊತೆಗಿದ್ದ ಲೂಕ ವೈದ್ಯ ಅಂತ ಹೇಳಿ. ಸಹಾಯ ಮಾಡ್ತೀವಿ ಅಂದರೆ, ವಾರಕ್ಕೆರಡು ಸಲ ಊಟ ಕಳಿಸೋಕೆ ಕೇಳಿ.