ಮೇಂಟೆನೆನ್ಸ್ ಕಂಪನಿ ಲೆಕ್ಕ ಕೊಡದೆ ನೋಟಿಸ್ ಕಳಿಸಿದರೆ ಅಸೋಸಿಯೇಷನ್ ಏನು ಮಾಡಬೇಕು?

ತುಮಕೂರಿನ ನಿಮ್ಮ ಅಪಾರ್ಟ್‌ಮೆಂಟಿನವರು ಮೇಂಟೆನೆನ್ಸ್ ಕಂಪನಿಯನ್ನು ಬಿಡಿಸಿದ್ದೀರಿ. ಅವರು ಲೆಕ್ಕ ಕೊಡುತ್ತಿಲ್ಲ, ಲಿಫ್ಟಿನ ಕಾಗದ ಕೊಡುತ್ತಿಲ್ಲ. ಅದರ ಮೇಲೆ ನೀವೇ ಬಾಕಿ ಕೊಡಬೇಕು ಅಂತ ವಕೀಲರಿಂದ ನೋಟಿಸ್ ಬೇರೆ ಕೊಡಿಸಿದ್ದಾರೆ. ಯಾವ ಕೋರ್ಟಿಗೆ ಹೋಗಬೇಕು ಅಂತ ಕೇಳಿದ್ದೀರಿ.

ನಾನು ಬಟವಾಡಿ ಕಡೆ ಒಂದು ಅಸೋಸಿಯೇಷನ್ನಿಗೆ ಕಾರ್ಯದರ್ಶಿಯಾಗಿದ್ದೆ. ಇಂಥದೇ ಜಗಳವನ್ನು ಹತ್ತಿರದಿಂದ ನೋಡಿದ್ದೇನೆ. ಕೋರ್ಟಿನ ಮಾತು ಆಮೇಲೆ. ಮೊದಲು ಕಾಗದಪತ್ರ ನಿಮ್ಮ ಕೈಗೆ ಬರಬೇಕು. ದುಡ್ಡಿನ ದಾವೆಗೆ ಸಾಮಾನ್ಯವಾಗಿ 3 ವರ್ಷ ಸಮಯ ಇರುತ್ತದೆ. ಆದರೆ ಲಿಫ್ಟಿನ ಲೈಸೆನ್ಸ್, ಜನರೇಟರ್ ಸರ್ವಿಸ್ ದಾಖಲೆ, ಯಾವ ಮನೆಯಿಂದ ಎಷ್ಟು ವಸೂಲಾಗಿದೆ ಅನ್ನುವ ಲೆಡ್ಜರ್ ಇಲ್ಲದೆ ಒಂದು ತಿಂಗಳು ಕಟ್ಟಡ ನಡೆಸುವುದೂ ಕಷ್ಟ. ಬ್ಯಾಂಕ್ ಖಾತೆಯಲ್ಲಿ ಕಂಪನಿಯವರ ಸಹಿ ಇದ್ದರೆ ಅದನ್ನು ಇವತ್ತೇ ತೆಗೆಸಿ.

ಈಗ ಒಪ್ಪಂದ ತೆಗೆದು ಕೊನೆಯ ಪುಟ ನೋಡಿ. ಸಹಿ ಹಾಕಿದ್ದು ಬಿಲ್ಡರೋ, ಅಸೋಸಿಯೇಷನ್ನೋ? ಬಿಲ್ಡರೇ ಕಂಪನಿಯನ್ನು ತಂದು ಕೂರಿಸಿದ್ದು, ನಿಮ್ಮದು ರೇರಾ (ಬಿಲ್ಡರುಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ಆದ ಪ್ರಾಜೆಕ್ಟ್ ಆಗಿದ್ದರೆ ಬಿಲ್ಡರನ್ನೇ ಹಿಡಿಯಿರಿ. 2016ರ ರೇರಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಪ್ರಮಾಣಪತ್ರ) ಬಂದು, ಮನೆಗಳನ್ನು ಒಪ್ಪಿಸಿದ ಮೇಲೆ ದಾಖಲೆ, ನಕ್ಷೆಗಳನ್ನು ಅಸೋಸಿಯೇಷನ್ನಿಗೆ ಒಪ್ಪಿಸುವುದು ಅವರ ಹೊಣೆ. ಕರ್ನಾಟಕ ರೇರಾಕ್ಕೆ ಆನ್‌ಲೈನಿನಲ್ಲೇ ದೂರು ಕೊಡಬಹುದು.

ಸಹಿ ನಿಮ್ಮದೇ ಆಗಿದ್ದರೆ ಎಷ್ಟು ದಿನದ ನೋಟಿಸ್ ಕೊಟ್ಟು ಬಿಡಿಸಬೇಕು ಅಂತ ಬರೆದಿದೆ ನೋಡಿ. ಆಮೇಲೆ ಆರ್ಬಿಟ್ರೇಷನ್ ಷರತ್ತು, ಅಂದರೆ ಜಗಳವನ್ನು ಕೋರ್ಟಿನ ಬದಲು ಆರ್ಬಿಟ್ರೇಟರ್ ಅನ್ನುವ ಮಧ್ಯಸ್ಥರು ತೀರ್ಮಾನಿಸಬೇಕು ಅನ್ನುವ ಷರತ್ತು, ಇದೆಯಾ ಅಂತ ಹುಡುಕಿ. ಅದು ಇದ್ದರೆ ನೀವು ಸಿವಿಲ್ ದಾವೆ ಹಾಕಿದರೂ ಅವರು ಅದೇ ಷರತ್ತು ತೋರಿಸಿ ಕೇಸನ್ನು ಅಲ್ಲಿಗೇ ಎಳೆಯಬಹುದು. ಆದರೂ ಹೆದರಬೇಡಿ. 1996ರ ಆರ್ಬಿಟ್ರೇಷನ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ದಾಖಲೆ ನಾಶ ಮಾಡದಂತೆ, ಒಪ್ಪಿಸುವಂತೆ ಮಧ್ಯಂತರ ಆದೇಶ ಕೇಳಬಹುದು. ಆದೇಶ ಸಿಕ್ಕ ಮೇಲೆ 90 ದಿನದೊಳಗೆ ಆರ್ಬಿಟ್ರೇಷನ್ ಶುರು ಮಾಡಲೇಬೇಕು. ಕಂಪನಿಯ ಎಂಡಿ ಒಬ್ಬರೇ ಆರ್ಬಿಟ್ರೇಟರನ್ನು ನೇಮಿಸುತ್ತಾರೆ ಅಂತ ಬರೆದಿದ್ದರೆ ಅದು ನಿಲ್ಲುವುದಿಲ್ಲ. 2019ರ ಪರ್ಕಿನ್ಸ್ ಈಸ್ಟ್‌ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಸಾಕಷ್ಟು ಜನ ಹೇಳುತ್ತಾರೆ. ಇಲ್ಲಿ ಎಚ್ಚರ ಬೇಕು. 2020ರಲ್ಲಿ ಬೆಂಗಳೂರಿನ ಶೋಭಾ ಹೈಬಿಸ್ಕಸ್ ಕಾಂಡೊಮಿನಿಯಂ ಕೇಸಿನಲ್ಲಿ ಸುಪ್ರೀಂ ಕೋರ್ಟ್, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಡಿ ಆದ ಅಸೋಸಿಯೇಷನ್ ಸ್ವಯಂಪ್ರೇರಿತ ಗ್ರಾಹಕರ ಸಂಘ ಅಲ್ಲ, ಅದು ದೂರು ಹಾಕುವಂತಿಲ್ಲ ಅಂದಿತು. ಕೇಸು ನಡೆದು ನಡೆದು ಕೊನೆಗೆ ಈ ಒಂದೇ ಕಾರಣಕ್ಕೆ ವಜಾ ಆದರೆ ಎಷ್ಟು ಸಂಕಟ ಅಲ್ವಾ? ಹಾಗಾಗಿ ನಿಮ್ಮ ನೋಂದಣಿ ಯಾವ ಕಾಯ್ದೆಯಲ್ಲಿದೆ ನೋಡಿಕೊಳ್ಳಿ. ಈ ಕಾಯ್ದೆಯಲ್ಲೇ ಇದ್ದರೆ ಮಾಲೀಕರೇ ಒಟ್ಟಾಗಿ, ಆಯೋಗದ ಅನುಮತಿ ಪಡೆದು ದೂರು ಹಾಕುವುದು ಸುರಕ್ಷಿತ. ಇದಕ್ಕೆ ಇರುವ ಗಡುವು 2 ವರ್ಷ.

ನೋಟಿಸಿಗೆ ಉತ್ತರ ಕೊಡದೆ ಸುಮ್ನೆ ಕೂರಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಕಳಿಸಿ. ಒಂದೊಂದು ಬಿಲ್ಲಿಗೂ ಒಪ್ಪುತ್ತೀರೋ ಇಲ್ಲವೋ, ಯಾಕೆ ಅಂತ ಬರೆಯಿರಿ. ಒಪ್ಪುವ ಮೊತ್ತವನ್ನು ತಡೆಹಿಡಿಯದೆ ಕಟ್ಟಿಬಿಡುವುದು ನನ್ನ ಪ್ರಕಾರ ಒಳ್ಳೆಯದು. ನ್ಯಾಯಾಧೀಶರ ಮುಂದೆ ನಿಮ್ಮ ಮಾತಿಗೆ ಜಾಸ್ತಿ ತೂಕ ಬರುತ್ತದೆ. ಕಂಪನಿಯನ್ನು ಬಿಡಿಸಿದ ನಿರ್ಣಯ ಬೈಲಾ ಪ್ರಕಾರ ಸಭೆ ಕರೆದು, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದ್ದಾಗಿರಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಸರಿ ಅಂದಿದ್ದು ಸಾಲದು. ಎದುರಿನ ವಕೀಲರು ಮೊದಲು ಕೈ ಹಾಕುವುದೇ ಅಲ್ಲಿಗೆ.

ಬರೀ ಲೆಕ್ಕದ ವ್ಯತ್ಯಾಸ ಆಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಹಾಕಿಸಿ. ಕೇಸು ಹೂಡುವ ಮುಂಚೆಯೂ ಹೋಗಬಹುದು. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ.

ಇನ್ನೊಂದು ಮಾತು, ನನಗೆ ತುಂಬಾ ಮುಖ್ಯ ಅನಿಸಿದ್ದು. ಸೆಕ್ಯುರಿಟಿಯವರು, ಕಸ ಗುಡಿಸುವವರು ಕಂಪನಿಯ ಹೆಸರಿನಲ್ಲಿದ್ದರೂ ದುಡಿದದ್ದು ನಿಮ್ಮ ಕಟ್ಟಡದಲ್ಲಿ. ಅವರ ಸಂಬಳ, ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಕೇಳಿ ಪಡೆಯಿರಿ. ಕಂಪನಿ ಕಟ್ಟಿಲ್ಲದಿದ್ದರೆ ಆ ಹೊರೆ ನಿಮ್ಮ ಮೇಲೂ ಬರಬಹುದು. ಕೊನೆಯ ಬಿಲ್ ಚುಕ್ತಾ ಮಾಡುವ ಮುಂಚೆ ಅವರನ್ನೇ ಕರೆದು, ಯಾವ ತಿಂಗಳವರೆಗೆ ಸಂಬಳ ಬಂದಿದೆ ಅಂತ ನೇರವಾಗಿ ಕೇಳಿ ಬರೆದಿಟ್ಟುಕೊಳ್ಳಿ.